ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಮ್ಯಾಪಿನ ಬಣ್ಣ ಬಿಡಿ, ದಾರಿ ನೋಡಿ

ಈ ಸಲ ಬಂದ ಪತ್ರ, ವಾಟ್ಸಾಪ್ ವಾಯ್ಸ್ ಎಲ್ಲ ಸೇರಿಸಿದ್ರೆ ಅರ್ಧಕ್ಕಿಂತ ಹೆಚ್ಚು ಉಕ್ರೇನ್ ಯುದ್ಧದ್ದೇ. ನಾನು ಸೈನ್ಯದಲ್ಲಿ ಲಾರಿ ಓಡಿಸಿದವ, ಪ್ಲಾನ್ ಮಾಡುವ ಆಫೀಸರ್ ಆಗಿರ್ಲಿಲ್ಲ, ಹಾಗಾಗಿ ಯಾವ ಯುದ್ಧ ಆದ್ರೂ ನನಗೆ ಮೊದ್ಲು ಕಾಣುವುದು ರೋಡು. ಅದರಿಂದ್ಲೇ ಉತ್ತರ ಹೇಳ್ತೇನೆ.

ಪ್ರಶ್ನೆ: ಒಂದು ಚಾನೆಲಲ್ಲಿ ರಷ್ಯಾ ದಿನಾ ಒಂದೊಂದು ಹಳ್ಳಿ ಹಿಡೀತು ಹೇಳ್ತಾರೆ, ಇನ್ನೊಂದರಲ್ಲಿ ರಷ್ಯಾ ಸೋತೇ ಹೋಯ್ತು ಹೇಳ್ತಾರೆ. ಮ್ಯಾಪ್ ನೋಡಿದ್ರೆ ವರ್ಷಗಟ್ಲೆ ಹಾಗೇ ಉಂಟು. ಯಾರು ಗೆಲ್ತಿದ್ದಾರೆ ಅಂತ ಗೊತ್ತಾಗುವುದು ಹೇಗೆ? (ಡಿಗ್ರಿ ವಿದ್ಯಾರ್ಥಿನಿ, ಪೆರ್ಲ)

ಮಗಳೇ, ಯಾರ ಕೈಯಲ್ಲಿ ಎಷ್ಟು ಜಾಗ ಅಂತ ಮ್ಯಾಪಿಗೆ ಹಾಕಿದ ಬಣ್ಣ ನೋಡಿ ಲೆಕ್ಕ ಹಾಕ್ಲಿಕ್ಕೆ ಹೋದ್ರೆ ತಲೆ ಕೆಡ್ತದೆ. 2024ರ ಇಡೀ ವರ್ಷದಲ್ಲಿ ರಷ್ಯಾ ಹಿಡಿದದ್ದು ಸುಮಾರು 4 ಸಾವಿರದ ಚಿಲ್ಲರೆ ಚದರ ಕಿಲೋಮೀಟರ್, ಅಂದ್ರೆ ನಮ್ಮ ಕಾಸರಗೋಡು ಜಿಲ್ಲೆ ಎರಡು ಸೇರಿದಷ್ಟು. ಉಕ್ರೇನ್ ಒಟ್ಟು 6 ಲಕ್ಷ ಚದರ ಕಿಲೋಮೀಟರ್ ಉಂಟು. ಹಳ್ಳಿ ಬಿದ್ದದ್ದು ಸುಳ್ಳಲ್ಲ, ಆದ್ರೆ ಅದರಿಂದ ಎಂತ ಬದಲಾಯ್ತು ಅಂತ ಕೇಳ್ಬೇಕು.

ನಾನು ಕೇಳುವುದು ಒಂದೇ: ಅಲ್ಲಿ ನಿಂತವನಿಗೆ ಊಟ, ನೀರು, ಗುಂಡು ಯಾವ ದಾರಿಯಲ್ಲಿ ಬರ್ತದೆ, ಆ ದಾರಿ ಯಾರ ಕಣ್ಣಿಗೆ ಬೀಳ್ತದೆ? 1999ರಲ್ಲಿ ಕಾರ್ಗಿಲಲ್ಲಿ ನಾವು ದ್ರಾಸ್ ಹತ್ತಿರ ರಾತ್ರಿ ಹೆಡ್‌ಲೈಟ್ ಆಫ್ ಮಾಡಿ ಲಾರಿ ಬಿಡ್ತಾ ಇದ್ದದ್ದು, ಯಾಕಂದ್ರೆ ಮೇಲೆ ತೋಲೋಲಿಂಗ್ ಶಿಖರದಲ್ಲಿ ಕೂತ ಪಾಕಿಸ್ತಾನದವರಿಗೆ ಶ್ರೀನಗರ–ಲೇಹ್ ಹೈವೇ ಅಂಗೈಯಷ್ಟು ಸ್ಪಷ್ಟ ಕಾಣ್ತಿತ್ತು. ಜೂನ್ 13ಕ್ಕೆ ತೋಲೋಲಿಂಗ್, ಜುಲೈ 4ಕ್ಕೆ ಟೈಗರ್ ಹಿಲ್ ನಮ್ಮ ಕೈಗೆ ಬಂತು. ಮ್ಯಾಪಲ್ಲಿ ನೋಡಿದ್ರೆ ಎರಡು ಚುಕ್ಕೆ, ನಮಗೆ ಮಾತ್ರ ಉಸಿರು ಬಂದ ಹಾಗೆ ಆಯ್ತು.

ಉಕ್ರೇನಲ್ಲೂ ಅದೇ. 2022ರ ಸೆಪ್ಟೆಂಬರಲ್ಲಿ ಖಾರ್ಕಿವ್ ಕಡೆ ಉಕ್ರೇನಿನವರು ಕುಪಿಯಾನ್ಸ್ಕ್ ಅನ್ನುವ ರೈಲ್ವೆ ಜಂಕ್ಷನ್ನಿಗೆ ನುಗ್ಗಿದ್ರು, ಅದು ಹೋದ ಕೂಡ್ಲೇ ದಕ್ಷಿಣದ ಇಝ್ಯೂಮಲ್ಲಿ ಇದ್ದ ರಷ್ಯನ್ನರು ಸಾಮಾನೆಲ್ಲ ಬಿಟ್ಟು ಹೊರಟ್ರು. ಖೆರ್ಸೋನಲ್ಲಿ ಇನ್ನೂ ಸ್ಪಷ್ಟ, ನೀಪರ್ ನದಿಯ ಆಚೆ ದಡದಲ್ಲಿ ರಷ್ಯಾದ ಸಾವಿರಾರು ಸೈನಿಕರು, ಬರ್ಲಿಕ್ಕೆ ಇದ್ದದ್ದು ಲೆಕ್ಕದ ಸೇತುವೆ, ಅದೇ ವರ್ಷ ಜುಲೈಯಿಂದ ಉಕ್ರೇನಿನವರು ಅಮೆರಿಕ ಕೊಟ್ಟ ಹೈಮಾರ್ಸ್ ರಾಕೆಟ್ ಹಾಕಿ ಹಾಕಿ ಆಂಟೊನಿವ್ಕಾ ಸೇತುವೆಯನ್ನು ಜರಡಿ ಮಾಡಿದ್ರು, ನವೆಂಬರ್ 11ಕ್ಕೆ ರಷ್ಯಾ ಆ ದಡ ಖಾಲಿ ಮಾಡಿತು. ನಮ್ಮ ಚಂದ್ರಗಿರಿ ಹೊಳೆಯ ಸೇತುವೆಗಳೆಲ್ಲ ಹೋದ್ರೆ ತೆಂಕು ಬದಿಯವರಿಗೆ ಅಕ್ಕಿ ಹೇಗೆ ಮುಟ್ಟಿಸುವುದು, ಹಾಗೆ ಯೋಚನೆ ಮಾಡಿ.

ಈಗ ಪೂರ್ವ ಉಕ್ರೇನಿನ ಪೊಕ್ರೋವ್ಸ್ಕ್ ನೋಡಿ. ಯುದ್ಧಕ್ಕೆ ಮೊದ್ಲು ಸುಮಾರು 60 ಸಾವಿರ ಜನ ಇದ್ದ ಊರು, ಹೆಚ್ಚುಕಡಿಮೆ ಕಾಸರಗೋಡು ಪೇಟೆಯಷ್ಟು, ರೋಡೂ ರೈಲೂ ಕೂಡುವ ಜಾಗ. 2024ರ ಫೆಬ್ರವರಿ 17ಕ್ಕೆ ಅವ್ದೀವ್ಕಾ ಬಿತ್ತು, ಅಲ್ಲಿಂದ ಇಲ್ಲಿಗೆ 40 ಕಿಲೋಮೀಟರಿನಷ್ಟು, ಕುಂಬಳೆಯಿಂದ ಮಂಗಳೂರಿಗೆ ಹೋದ ಹಾಗೆ. ಅಷ್ಟು ಬರ್ಲಿಕ್ಕೆ ರಷ್ಯಾಕ್ಕೆ ಒಂದೂವರೆ ವರ್ಷಕ್ಕಿಂತ ಹೆಚ್ಚು ಹಿಡೀತು. ಆದ್ರೆ ಊರು ಕೈಗೆ ಬರುವ ಎಷ್ಟೋ ಮೊದ್ಲೇ ಒಳಗೆ ಹೋಗುವ ರೋಡಿನ ಮೇಲೆ ಡ್ರೋನ್ ಕೂತಿತ್ತು, ಅಂದ್ರೆ ಜಂಕ್ಷನ್ನಾಗಿ ಅದರ ಉಪಯೋಗ ಆಗ್ಲೇ ಮುಗಿದಿತ್ತು. "ಬಿತ್ತು" ಅಂತ ನ್ಯೂಸ್ ಬರುವ ತಾರೀಕು ಬಹಳ ತಡ.

ನನ್ನ ಅಭಿಪ್ರಾಯ ಕೇಳಿದ್ರೆ, ರಷ್ಯಾ ಮುಂದೆ ಬರ್ತಾ ಉಂಟು, ಆದ್ರೆ ದಾರಿ ತುಂಡು ಮಾಡಿ ದೊಡ್ಡದೊಂದು ಸೈನ್ಯವನ್ನೇ ಸಿಕ್ಕಿಸಿಹಾಕುವ ಹಾಗಿನ ಗೆಲುವು 2022ರ ಮರಿಯುಪೋಲ್ ನಂತರ ಅದಕ್ಕೆ ಸಿಗಲಿಲ್ಲ. ಉಕ್ರೇನಿನ ಕಷ್ಟ ಬೇರೆ, ಕಂದಕದಲ್ಲಿ ಕೂರ್ಲಿಕ್ಕೆ ಜನ ಸಾಲ್ತಿಲ್ಲ. 2024ರ ಏಪ್ರಿಲಲ್ಲಿ ಕಡ್ಡಾಯ ಭರ್ತಿಯ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿದ್ದು ಅದಕ್ಕೇ.

ಪ್ರಶ್ನೆ: ನಮ್ಮಲ್ಲಿ ಅಡಕೆಗೆ ಮದ್ದು ಬಿಡ್ಲಿಕ್ಕೂ ಡ್ರೋನ್ ಬಂತು. ಅಷ್ಟು ಸಣ್ಣದಕ್ಕೆ ಟ್ಯಾಂಕ್ ಹೆದರುವುದು ನಿಜವಾ? (ಕೃಷಿಕರು, ಮುಳ್ಳೇರಿಯ)

ನಿಜ. ನಿಮ್ಮ ತೋಟಕ್ಕೆ ಬರುವುದು ದೊಡ್ಡದು, ಅಲ್ಲಿಯದ್ದು ಹೆಚ್ಚಾಗಿ ಒಂದು ಸಣ್ಣ ಬುಟ್ಟಿಯಷ್ಟು, ಅಡಿಯಲ್ಲಿ ಸ್ಫೋಟಕ ಕಟ್ಟಿ ಬಿಡ್ತಾರೆ. ಮೊದ್ಲು ಸಿಗ್ನಲ್ ಜಾಮ್ ಮಾಡಿ ತಡೀತಿದ್ರು. ಈಗ ಕೂದಲಿನ ಹಾಗಿನ ಫೈಬರ್ ವಯರ್ ಬಿಚ್ಚಿಕೊಂಡು ಹತ್ತಿಪ್ಪತ್ತು ಕಿಲೋಮೀಟರ್ ಹೋಗುವ ಡ್ರೋನ್ ಉಂಟು, ರೇಡಿಯೋವೇ ಇಲ್ಲ ಅಂದ್ಮೇಲೆ ಜಾಮರ್ ಇಟ್ಟು ಪ್ರಯೋಜನ ಇಲ್ಲ. ಹಾಗಾಗಿ ಮುಂಚೂಣಿಯಿಂದ ಹದಿನೈದಿಪ್ಪತ್ತು ಕಿಲೋಮೀಟರ್ ಹಿಂದಿನವರೆಗೂ ಹಗಲು ಗಾಡಿ ಬಿಡುವುದು ಸಾವಿನ ಕೆಲಸ. ಟ್ಯಾಂಕ್ ಅಡಗಿ ಕೂರ್ತದೆ, ಸೈನಿಕರು ಎರಡು ಮೂರು ಜನ ಸೇರಿ ನಡ್ಕೊಂಡೋ ಬೈಕಲ್ಲೋ ನುಗ್ತಾರೆ, ಅವರಲ್ಲಿ ವಾಪಸ್ ಬರುವವರು ಕಡಿಮೆ. ಮರದ ಸಾಲಲ್ಲಿ ಎಲೆ ಇರುವಷ್ಟು ದಿನ ಮರೆ, ಚಳಿಗಾಲಕ್ಕೆ ಎಲೆ ಉದುರಿದ್ರೆ ಅದೂ ಇಲ್ಲ.

ಪ್ರಶ್ನೆ: ನೇವಿಯೇ ಇಲ್ಲದ ಉಕ್ರೇನ್ ರಷ್ಯಾದ ಹಡಗುಗಳನ್ನು ಓಡಿಸಿದ್ದು ಹೇಗೆ? (ಮೀನುಗಾರ, ಮಂಜೇಶ್ವರ)

ನನಗೆ ತುಂಬ ಇಷ್ಟದ ಪ್ರಶ್ನೆ ಇದು. 2022ರ ಏಪ್ರಿಲ್ 14ಕ್ಕೆ ಮೋಸ್ಕ್ವಾ ಮುಳುಗಿತು, ಕಪ್ಪು ಸಮುದ್ರದ ಪಡೆಯ ಮುಖ್ಯ ಹಡಗು, ದಡದಿಂದ ಬಿಟ್ಟ ನೆಪ್ಚೂನ್ ಕ್ಷಿಪಣಿಗೆ. ಮತ್ತೆ ಶುರುವಾದದ್ದು ಆಳಿಲ್ಲದ ಬೋಟುಗಳು, ಮೂತಿಯಲ್ಲಿ ಸ್ಫೋಟಕ ತುಂಬಿಸಿ ರಾತ್ರಿ ಗುಂಪಾಗಿ ಬಿಡುವುದು. ಟರ್ಕಿ 1936ರ ಮಾಂಟ್ರೋ ಒಪ್ಪಂದದ ಪ್ರಕಾರ ಯುದ್ಧನೌಕೆಗಳಿಗೆ ಕಪ್ಪು ಸಮುದ್ರಕ್ಕೆ ಹೋಗುವ ಜಲಸಂಧಿ ಬಂದ್ ಮಾಡಿದ್ದರಿಂದ ಹೋದ ಹಡಗಿಗೆ ಬದಲಿ ತರ್ಲಿಕ್ಕೂ ಆಗ್ಲಿಲ್ಲ. ಉಳಿದವನ್ನು ಹೆಚ್ಚಾಗಿ ಕ್ರಿಮಿಯಾದ ಸೆವಾಸ್ಟೊಪೋಲ್ ಬಂದರಿನಿಂದ ದೂರ ರಷ್ಯಾದ ನೊವೊರೊಸ್ಸಿಸ್ಕಿಗೆ ಕೊಂಡೋದ್ರು. ಇಲ್ಲಿಯೂ ದಾರಿಯೇ, 2023ರ ಆಗಸ್ಟಿನಿಂದ ಉಕ್ರೇನಿನ ಒಡೆಸ್ಸಾ ಬಂದರಿನ ಧಾನ್ಯದ ಹಡಗುಗಳು ರಷ್ಯಾದ ಒಪ್ಪಿಗೆ ಇಲ್ಲದೆಯೇ ರೊಮೇನಿಯಾದ ಕರಾವಳಿ ಹಿಡಿದು ಹೋಗ್ತಾ ಉಂಟು.

ನಿಮಗೇ ಇನ್ನೊಂದು ಹೇಳ್ಬೇಕು. ಡ್ರೋನ್ ಬರದ ಹಾಗೆ ಉಕ್ರೇನಿನವರು ರೋಡಿನ ಎರಡೂ ಬದಿ ಕಂಬ ನೆಟ್ಟು ಮೇಲಿಂದ ಬಲೆ ಕಟ್ತಾರೆ, ಅದರಲ್ಲಿ ಫ್ರಾನ್ಸಿನ ಬ್ರಿಟನಿ ಕಡೆಯ ಮೀನುಗಾರರು ಕೊಟ್ಟ ಹಳೆ ಬಲೆಗಳೂ ಉಂಟು. ಫೋಟೋ ನೋಡಿದಾಗ ನನಗೆ ನಮ್ಮ ಕಡಪ್ಪುರದಲ್ಲಿ ಬಲೆ ಒಣಗಿಸುವುದೇ ನೆನಪಾದದ್ದು.

ಪ್ರಶ್ನೆ: ಯಾವಾಗ ಮುಗೀತದೆ? (ಬದಿಯಡ್ಕ, ಕುಂಬಳೆ, ಮುಳಿಯಾರಿನಿಂದ ಹಲವರು)

ತಾರೀಕು ಹೇಳುವವರನ್ನು ನಂಬ್ಬೇಡಿ. 2022ರ ಫೆಬ್ರವರಿಯಲ್ಲಿ ಮೂರು ದಿನದಲ್ಲಿ ಕೀವ್ ಬೀಳ್ತದೆ ಅಂದವರೂ ಇದ್ದರು.

ಪ್ರಶ್ನೆ: ನನ್ನ ಮಗನಿಗೆ ಒಬ್ಬ ಏಜೆಂಟ್ ರಷ್ಯಾದಲ್ಲಿ ಹೆಲ್ಪರ್ ಕೆಲಸ ಉಂಟು ಅಂತಾನೆ, ಸಂಬಳ ಲಕ್ಷದ ಮೇಲೆ, ಯುದ್ಧದ ಹತ್ತಿರ ಹೋಗ್ಲಿಕ್ಕಿಲ್ಲ ಅಂತಾನೆ. ಕಳಿಸ್ಬಹುದಾ? (ತಾಯಿ, ಉಪ್ಪಳ)

ಕಳಿಸ್ಬೇಡಿ ಅಕ್ಕ. ಮೇಲೆ ಎರಡು ಮೂರು ಜನ ನಡ್ಕೊಂಡು ನುಗ್ಗುವುದು ಅಂತ ಬರೆದೆನಲ್ಲ, ಆ ಕೆಲಸಕ್ಕೆ ರಷ್ಯಾಕ್ಕೆ ದಿನಾ ಹೊಸ ಜನ ಬೇಕು. ಸತ್ತ ರಷ್ಯನ್ ಸೈನಿಕರ ಹೆಸರನ್ನು ಗೋರಿಕಲ್ಲು, ಊರಿನ ಮರಣವಾರ್ತೆ ನೋಡಿ ಒಂದೊಂದಾಗಿ ಬರೆದಿಟ್ಟದ್ದೇ 2025ರಲ್ಲಿ 1 ಲಕ್ಷ ದಾಟಿತು, ಹೆಸರು ಸಿಗದವರು ಬೇರೆ. ಹೆಲ್ಪರ್, ಸೆಕ್ಯುರಿಟಿ ಅಂತ ಹೇಳಿ ಕರ್ಕೊಂಡು ಹೋಗಿ ಗೊತ್ತಿಲ್ಲದ ಭಾಷೆಯ ಕಾಗದಕ್ಕೆ ಸೈನ್ ಹಾಕಿಸಿ ಕಂದಕಕ್ಕೆ ಕಳಿಸಿದ ಭಾರತದ ಹುಡುಗರಿದ್ದಾರೆ, ನಮ್ಮ ಕೇರಳದ ಮಕ್ಕಳೂ ಸತ್ತಿದ್ದಾರೆ. 2024ರ ಮಾರ್ಚಲ್ಲಿ ಸಿಬಿಐ ಇಂಥ ಏಜೆಂಟರ ಮೇಲೆ ಕೇಸ್ ಹಾಕಿತು, ಜುಲೈಯಲ್ಲಿ ಪ್ರಧಾನಿ ಮಾಸ್ಕೋದಲ್ಲಿ ಈ ವಿಷಯ ಎತ್ತಿದ್ರು, ವಿದೇಶಾಂಗ ಇಲಾಖೆ ಈ ಆಫರಿಗೆ ಹೋಗ್ಬೇಡಿ ಅಂತ ಮತ್ತೆ ಮತ್ತೆ ಹೇಳಿದೆ.

ಮಗ ಹಠ ಮಾಡಿದ್ರೆ ಅವನ ಹತ್ರ ಬೈದು ಮಾತಾಡ್ಬೇಡಿ, ಸಂಬಳ ನೋಡಿ ಆಸೆ ಆಗುವುದು ತಪ್ಪಲ್ಲ. ಏಜೆಂಟ್ ಕೊಟ್ಟ ಕಾಗದದ ಫೋಟೋ ಪತ್ರಿಕೆಯ ವಿಳಾಸಕ್ಕೆ ಕಳಿಸಿ, ರಷ್ಯನ್ ಓದ್ಲಿಕ್ಕೆ ಬರುವವರೊಬ್ಬರನ್ನು ಹುಡುಕಿ ಅದರಲ್ಲಿ ಎಂತ ಬರೆದದ್ದು ಅಂತ ನಾನೇ ಓದಿಸಿ ಹೇಳ್ತೇನೆ. ಅಲ್ಲಿವರೆಗೆ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರ್ಲಿ.