‘ನಾನು ಬರುವವರೆಗೆ ಕಾಯಿರಿ’ ಅಂದದ್ದೇ ತಪ್ಪಾಯ್ತು

ಆಫೀಸು, ಮಕ್ಕಳು, ಮೇಲಿಂದ ಇಗರ್ಜಿಯ ಕ್ವಾಯರ್, ಇದರ ನಡುವೆ ದೇವರಿಗೆ ಮೊದಲ ಸ್ಥಾನ ಕೊಡುವುದು ಹೇಗೆ, ಬೆಳಿಗ್ಗೆ ನಾಲ್ಕಕ್ಕೆ ಏಳಲು ಶುರು ಮಾಡಲೇ ಅಂತ ಕೇಳಿದ್ದೀರಿ. ಏಳಬೇಡಿ. ಮೂರು ದಿನ ಏಳುತ್ತೀರಿ, ನಾಲ್ಕನೇ ದಿನ ಆಫೀಸಿನಲ್ಲಿ ತೂಕಡಿಸುತ್ತೀರಿ, ಐದನೇ ದಿನ ಅಲಾರಂ ನೋಡಿದರೇ ಸಿಟ್ಟು ಬರುತ್ತದೆ. ಮಾಡಿ ನೋಡಿದವನು ಹೇಳ್ತಿದ್ದೇನೆ.

ನಮ್ಮ ಮನೆ ಕಾಸರಗೋಡಿನ ಬೇಳದ ಹತ್ತಿರ. ಕೊಂಕಣಿ ಮಾತಾಡುವ ಕ್ಯಾಥೋಲಿಕರು, ಓದಿದ್ದು ಕನ್ನಡ ಮೀಡಿಯಂ, ರೇಷನ್ ಕಾರ್ಡು ಮಲಯಾಳದ್ದು. 1956ರಲ್ಲಿ ಊರು ಕೇರಳಕ್ಕೆ ಹೋಯಿತು, ಇಗರ್ಜಿ ಮಾತ್ರ ಇವತ್ತಿಗೂ ಮಂಗಳೂರು ಧರ್ಮಪ್ರಾಂತದ್ದೇ. ಚಿಕ್ಕಂದಿನಲ್ಲಿ ನಮ್ಮ ಮನೆಯ ತೇರ್ಸಿಗೆ (ಸಂಜೆಯ ಜಪಮಾಲೆ ಪ್ರಾರ್ಥನೆಗೆ) ಗಡಿಯಾರ ಅಂತ ಇರಲಿಲ್ಲ. ಪಳ್ಳಿಯಲ್ಲಿ (ಮಸೀದಿಯಲ್ಲಿ) ಮುಸ್ಸಂಜೆಯ ಮಗ್ರಿಬ್‌ನ ಬಾಂಗ್, ಅಂದರೆ ನಮಾಜಿನ ಕರೆ, ಕೇಳಿತೋ, ಮಾಂಯ್ (ನನ್ನ ಅಮ್ಮ) “ಕಾಲು ತೊಳ್ಕೊಂಡು ಬನ್ನಿ” ಅನ್ನುತ್ತಿದ್ದರು. ಕಾಲು ತೊಳೆದು, ಆಲ್ತಾರಿನ ದೀಪ ಹಚ್ಚಿ ಮೊಣಕಾಲೂರುವಷ್ಟರಲ್ಲಿ ಏಳು. ಅಪ್ಪ ತೋಟದಿಂದ ಬಂದಿದ್ದರೆ ಇರುತ್ತಿದ್ದರು, ಬಂದಿಲ್ಲದಿದ್ದರೆ ಇಲ್ಲ. ಜಪಮಾಲೆ ಯಾರಿಗೂ ಕಾಯುತ್ತಿರಲಿಲ್ಲ. ಮುಗಿದ ಮೇಲೆ ನಾವು ಕೈಮುಗಿದು ಸಾಲಾಗಿ ನಿಂತು ಬೆಸಾಂವ್ (ಆಶೀರ್ವಾದ) ಕೇಳುವುದು, ಹಿರಿಯರು ತಲೆ ಮುಟ್ಟುವುದು. ಹಗಲು ಯಾರಿಗೆ ಎಷ್ಟು ಹೊಡೆತ ಬಿದ್ದಿದ್ದರೂ ರಾತ್ರಿ ಆ ಕೈ ತಲೆಯ ಮೇಲೆ ಬರುತ್ತಿತ್ತು.

2014ರಲ್ಲಿ ನನಗೆ ಮಂಗಳೂರಲ್ಲಿ ಕೆಲಸ ಸಿಕ್ಕಿತು. ಕುಂಬಳೆಯಿಂದ ರೈಲು, ಸಂಜೆ ಮತ್ತೆ ರೈಲು, ಅಲ್ಲಿಂದ ಬಸ್ಸು. ಮನೆ ಮುಟ್ಟುವಾಗ ಎಂಟು ದಾಟುತ್ತಿತ್ತು. ಅಷ್ಟೊತ್ತಿಗೆ ಅಪ್ಪ ತೀರಿಹೋಗಿದ್ದರು, ಮನೆಯ ಯಜಮಾನ ನಾನು. ಯಜಮಾನನಿಲ್ಲದೆ ತೇರ್ಸ್ ಎಂಥದ್ದು? “ನಾನು ಬರುವವರೆಗೆ ಕಾಯಿರಿ” ಅಂದೆ.

ನನ್ನ ತಪ್ಪು ಇದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ವರ್ಷ ನಾನೇ ಇದನ್ನು ತಪ್ಪಾಗಿ ತಿಳಿದುಕೊಂಡಿದ್ದೆ. ಪ್ರಾರ್ಥನೆ ಬಿಟ್ಟದ್ದು ತಪ್ಪು ಅಂದುಕೊಂಡಿದ್ದೆ. ಬಿಟ್ಟದ್ದು ಆಮೇಲಿನ ಮಾತು. ಕಾಯಿರಿ ಅಂದಾಗಲೇ ಅರ್ಧ ಕೆಲಸ ಕೆಟ್ಟಿತ್ತು. ಅಲ್ಲಿಯವರೆಗೆ ತೇರ್ಸ್ ನಡೆಯುತ್ತಿದ್ದದ್ದು ಬಾಂಗಿನ ಲೆಕ್ಕದಲ್ಲಿ, ಅದಕ್ಕೆ ನನ್ನ ಹಂಗಿರಲಿಲ್ಲ. ನಾನು ಅದನ್ನು ನನ್ನ ರೈಲಿಗೆ ಕಟ್ಟಿದೆ. ರೈಲು ತಡವಾದರೆ ದೇವರೂ ತಡ. ಬಂದ ಮೇಲೆ ಸ್ನಾನ, ಊಟ, ಮಗನ ಹೋಂವರ್ಕ್. ಒಂಬತ್ತೂವರೆಗೆ ಮಾಂಯ್ ಕುರ್ಚಿಯಲ್ಲೇ ಜಪಮಾಲೆ ಹಿಡಿದು ನಿದ್ದೆ ಹೋಗಿರುತ್ತಿದ್ದರು. ಎಬ್ಬಿಸಲು ಮನಸ್ಸಾಗದೆ “ಇವತ್ತು ಒಂದೇ ಮಿಸ್ತೆರ್ ಸಾಕು” ಅಂದೆ. (ಒಂದು ತೇರ್ಸಿಗೆ ಐದು ಮಿಸ್ತೆರ್, ಅಂದರೆ ರಹಸ್ಯಗಳು: ಯೇಸು, ಮರಿಯಮ್ಮನವರ ಬದುಕಿನ ಘಟನೆಗಳು.) ಆಮೇಲೆ ಶನಿವಾರ ಮಾತ್ರ ಅಂತಾಯಿತು. ಆಮೇಲೆ, “ಮಾಂಯ್, ನೀವು ನಿಮ್ಮ ಕೋಣೆಯಲ್ಲೇ ಹೇಳಿಕೊಳ್ಳಿ.” ಅವರು ಏನೂ ಅನ್ನಲಿಲ್ಲ. ಮಕ್ಕಳು ಬೆಸಾಂವ್ ಕೇಳುವುದು ಯಾವ ದಿನ ನಿಂತಿತು ಅಂತಲೂ ನನಗೆ ನೆನಪಿಲ್ಲ.

ಅದೇ ಹೊತ್ತಿಗೆ ನಾನು ವಾರ್ಡಿನ ಗುರಿಕಾರ! ಮನೆಮನೆಗೆ ಹೋಗಿ ವಾರ್ಡಿನ ಪ್ರಾರ್ಥನೆ ನಡೆಸುವವನು, ಹಬ್ಬದ ಚಂದಾ ಎತ್ತುವವನು. ದೇವರ ಕೆಲಸ ಮಾಡುತ್ತಿದ್ದೇನಲ್ಲ, ದೇವರ ಜೊತೆಗೇ ಇದ್ದೇನೆ ಅಂತ ಧೈರ್ಯ. ನಿಮ್ಮ ಕ್ವಾಯರ್ ವಿಷಯ ಓದಿದಾಗ ನನಗೆ ನಗು ಬಂದದ್ದು ಇದಕ್ಕೇ.

ಸಮಯ ಇಲ್ಲ ಅಂತೀರಲ್ಲ, 2020ರ ಮಾರ್ಚಿನಲ್ಲಿ, ಕೊರೊನಾ ಲಾಕ್‌ಡೌನಿಗೆ, ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು. ಒಳದಾರಿಗಳಿಗೂ ಕರ್ನಾಟಕದವರು ಮಣ್ಣು ಸುರಿದರು. ರೈಲಿಲ್ಲ, ಆಫೀಸಿಲ್ಲ. ತಿಂಗಳುಗಟ್ಟಲೆ ಬಾಂಗ್ ಕೊಡುವ ಹೊತ್ತಿಗೆ ನಾನು ಮನೆಯ ಜಗಲಿಯಲ್ಲೇ ಕೂತಿದ್ದೆ, ಕೈಯಲ್ಲಿ ಮೊಬೈಲು. ಒಂದೇ ಒಂದು ದಿನ ತೇರ್ಸ್ ಆಗಲಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿರುವ ‘ಬಿಡುವು’ ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ಬಿಡುವು ಸಿಕ್ಕಿದಾಗ ನಾನು ಏನು ಮಾಡಿದೆ ಅಂತ ನನಗೆ ಗೊತ್ತು.

ಮಾಂಯ್ ತೀರಿಕೊಂಡದ್ದು ಅದಾಗಿ ಎರಡು ವರ್ಷಕ್ಕೆ, ಒಂದು ಬುಧವಾರ ರಾತ್ರಿ. ಮರುದಿನ ಸಂಜೆ ಮನೆ ತುಂಬ ಜನ. ಗುರಿಕಾರನೂ ನಾನೇ, ಮಗನೂ ನಾನೇ, ತೇರ್ಸ್ ನಾನೇ ಹೇಳಬೇಕು. ಗುರುವಾರ ಬೆಳಕಿನ ರಹಸ್ಯಗಳು. ಅವನ್ನು ಪೋಪ್ ಎರಡನೇ ಜಾನ್ ಪಾಲ್ ಸೇರಿಸಿದ್ದು 2002ರಲ್ಲಿ, ನಾನು ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಹದಿನೈದರಲ್ಲಿ ಅವಿಲ್ಲ. ಜೋರ್ದಾನಿನ ಸ್ನಾನದೀಕ್ಷೆ ಹೇಳಿದೆ, ಕಾನಾದ ಮದುವೆ ಹೇಳಿದೆ, ರಾಜ್ಯದ ಸಾರೋಣ ಹೇಳಿದೆ. ನಾಲ್ಕನೆಯದು ಬರಲಿಲ್ಲ. ಪೆಟ್ಟಿಗೆಯೊಳಗೆ ಮಾಂಯ್, ಬೆರಳಿಗೆ ಸುತ್ತಿದ ಜಪಮಾಲೆ, ನನ್ನ ಬಾಯಿ ಒಣಗಿತ್ತು. ಹಿಂದಿನಿಂದ ಯಾರೋ ಹೆಂಗಸು ಮೆಲ್ಲಗೆ “ರೂಪಾಂತರ” ಅಂದರು. ಆಮೇಲೆ ಮಾಂಯ್‌ಯ ಕೋಣೆ ಗುಡಿಸುವಾಗ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಐದನ್ನೂ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿದ್ದು ಕಂಡಿತು. ಎಷ್ಟೋ ವರ್ಷದಿಂದ ಅಲ್ಲೇ ಇದ್ದಿರಬೇಕು. ನಾನು ಆ ಕೋಣೆಗೆ ಹೋಗುತ್ತಿದ್ದದ್ದು ಮಾತ್ರೆ ಕೊಡಲಿಕ್ಕೆ.

ಈಗ ನಾಲ್ಕು ಗಂಟೆಯ ವಿಷಯ. ಯೇಸು ಬೆಳಗಿನ ಜಾವ ಎದ್ದು ಒಬ್ಬರೇ ಪ್ರಾರ್ಥಿಸಲು ಹೋದದ್ದು ಮಾರ್ಕನ ಮೊದಲ ಅಧ್ಯಾಯದಲ್ಲಿದೆ, ಎಲ್ಲರೂ ಅದನ್ನೇ ತೋರಿಸುತ್ತಾರೆ. ಮುಂದಿನ ಸಾಲು ಓದಿ: ಎಲ್ಲರೂ ನಿಮ್ಮನ್ನೇ ಹುಡುಕುತ್ತಿದ್ದಾರೆ ಅಂತ ಸೀಮೋನ ಬೆನ್ನತ್ತಿ ಬಂದೇಬಿಟ್ಟ. ಅವರಿಗೂ ಪೂರ್ತಿ ಏಕಾಂತ ಸಿಗಲಿಲ್ಲ. ಮನೆಗೆಲಸದಲ್ಲಿ ಮುಳುಗಿದ ಮಾರ್ತಾಳಿಗಿಂತ ಯೇಸುವಿನ ಮಾತು ಕೇಳುತ್ತ ಕೂತ ಮರಿಯಳೇ ಮೇಲು ಅನ್ನುವ ಬೈಬಲಿನ ಕಥೆಯನ್ನಂತೂ ಅಡುಗೆಮನೆಯಲ್ಲಿ ಬೇಯುವ ಹೆಂಗಸರಿಗೆ ಹೇಳುವ ಗಂಡಸರನ್ನು ಕಂಡರೆ ನನಗೆ ಆಗುವುದಿಲ್ಲ. ಮೊದಲು ತಟ್ಟೆ ತೊಳೆಯಲಿ.

ನನ್ನ ಮಾತು ಇಷ್ಟು: ಹೊತ್ತನ್ನು ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಬೇಡಿ. ನಿಮ್ಮ ಅನುಕೂಲ ಕೇಳದ ಯಾವುದಕ್ಕಾದರೂ ಕಟ್ಟಿ, ಇಗರ್ಜಿಯ ಗಂಟೆ, ಬಾಂಗ್, ರೈಲು ದಾಟುವ ನೇತ್ರಾವತಿ ಸಂಕ (ಸೇತುವೆ), ಏನಾದರೂ ಆಗಬಹುದು. ನೀವಿಲ್ಲದಿದ್ದರೂ ಮನೆಯಲ್ಲಿ ಅದು ನಡೆಯಬೇಕು. ಮೊಬೈಲಿನ ರಿಮೈಂಡರ್ ಬೇಡ, ಅದನ್ನು ಮುಂದೂಡುವ ಬೆರಳು ನಿಮ್ಮದೇ. ಕ್ವಾಯರ್ ಬಿಡಿ ಅನ್ನುವುದಿಲ್ಲ. ಆದರೆ ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ನಮ್ಮಲ್ಲಿ ಈಗ ಬಾಂಗ್ ಆಯಿತೆಂದರೆ ಮಗಳೇ ಶುರು ಮಾಡುತ್ತಾಳೆ. ಏಳಕ್ಕೆ ನಾನು ಉಪ್ಪಳದ ಆಸುಪಾಸಿನಲ್ಲಿ ರೈಲಿನ ಬಾಗಿಲ ಹತ್ತಿರ ನಿಂತು ನನ್ನಷ್ಟಕ್ಕೆ ಹೇಳಿಕೊಳ್ಳುತ್ತೇನೆ, ಸೀಟು ಸಿಕ್ಕಿದರೆ ನಿದ್ದೆ ಬರುತ್ತದೆ. ಮೊನ್ನೆ ಸಿಗ್ನಲ್ ಸಿಗದೆ ಮಂಜೇಶ್ವರದ ಈಚೆ ನಿಂತ ರೈಲು ಮನೆ ಮುಟ್ಟಿಸುವಾಗ ಒಂಬತ್ತೂವರೆ. ದೀಪ ಆರಿಸಿ ಆಗಿತ್ತು, ಊಟ ಮುಚ್ಚಿಟ್ಟಿದ್ದರು.

“ಪಪ್ಪಾ, ನಿಮ್ಮದು ಆಯ್ತಾ?” ಅಂದಳು ಮಗಳು.

“ಮೂರಾಯ್ತು. ಆಮೇಲೆ ನಿದ್ದೆ.”

“ಹಾಗಾದ್ರೆ ಕೈ ತೊಳ್ಕೊಂಡು ಬಂದು ಇನ್ನೆರಡು ಹೇಳಿ. ಸಾರು ಬಿಸಿ ಮಾಡ್ತೇನೆ.”