ಗೋಡೆ ಮೇಲೆ ಕೂತಿರುವ ದೊಡ್ಡ ಹಸಿರು ಚಿಟ್ಟೆ ಯಾವುದು? ಕಚ್ಚುತ್ತದಾ?

ಅಂಗೈಯಷ್ಟು ಅಗಲ, ಮಿಲಿಟರಿ ಬಟ್ಟೆಯ ಥರದ ಹಸಿರು ಬಣ್ಣ, ವಿಮಾನದ ಹಾಗೆ ರೆಕ್ಕೆ ಚಾಚಿ ಬೆಳಿಗ್ಗೆಯಿಂದ ಅಲ್ಲಾಡದೆ ಕೂತಿದೆ ಅಂತ ಬರೆದಿದ್ದೀರಿ. ಅದು ಚಿಟ್ಟೆ ಅಲ್ಲ, ಪತಂಗ. ಓಲಿಯಾಂಡರ್ ಹಾಕ್‌ಮಾತ್ ಅಂತ ಹೆಸರು. ಓಲಿಯಾಂಡರ್ ಅಂದರೆ ನಮ್ಮ ಕಣಗಿಲೆ. ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಹೂವಿನ ರಸ ಹೀರುವ ಉದ್ದನೆಯ ಕೊಳವೆಯೇ ಅದರ ಬಾಯಿ.

ಖಾತ್ರಿ ಮಾಡಿಕೊಳ್ಳಲು ರೆಕ್ಕೆ ಮೈಗೆ ಸೇರುವ ಜಾಗ ನೋಡಿ. ಅಲ್ಲಿ ಬಿಳಿಚಿದ ಒಂದು ಬೊಟ್ಟು, ಅದರ ನಡುವೆ ಕಡು ಹಸಿರು ಚುಕ್ಕೆ ಇರುತ್ತದೆ, ಥೇಟ್ ಕಣ್ಣಿನ ಹಾಗೆ. ರೆಕ್ಕೆಯ ನಡುವೆ ನಸುಗೆಂಪು ಪಟ್ಟೆ. ಇದನ್ನೇ ಹೋಲುವ ಇನ್ನೊಂದು ಜಾತಿಯಿದೆ. ಅದರ ಬಣ್ಣ ಇನ್ನೂ ಗಾಢ, ರೆಕ್ಕೆಯ ತುದಿಯಲ್ಲಿ ಪುಟ್ಟ ಬಿಳಿ ಚುಕ್ಕೆ ಇರುತ್ತದೆ.

ನಿಮ್ಮ ಅಂಗಳದಲ್ಲಿ ನಂದಿಬಟ್ಟಲು ಇದೆಯಾ? ಇದರ ಹುಳುವಿಗೆ ಕಣಗಿಲೆಯ ಹಾಗೆ ಅದರ ಎಲೆಯೂ ಇಷ್ಟ. ನಮ್ಮ ಗಿಡದ ಕೆಳಗೆ ಒಮ್ಮೆ ಮೆಣಸಿನ ಕಾಳಿನಂಥ ಕಪ್ಪು ಹಿಕ್ಕೆ ಬಿದ್ದಿತ್ತು. ಹುಡುಕಿದರೆ ಹುಳು ಕಾಣಲೇ ಇಲ್ಲ, ಎಲೆಯದೇ ಹಸಿರು ನೋಡಿ! ಕೊನೆಗೆ ಬಾಲದ ಪುಟ್ಟ ಹಳದಿ ಕೊಂಬು ಕಣ್ಣಿಗೆ ಬಿತ್ತು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದೆ. ತಲೆ ಒಳಗೆಳೆದುಕೊಂಡು ಕತ್ತು ಉಬ್ಬಿಸಿತು, ಎರಡು ನೀಲಿ ಕಣ್ಣು ಅರಳಿದವು! ನಿಜವಾದ ಕಣ್ಣಲ್ಲ, ಹಕ್ಕಿಗಳನ್ನು ಹೆದರಿಸುವ ಗುರುತು. ಅಮ್ಮ ಹಾವಿನ ಮರಿ ಅಂತ ಹಿಂದೆ ಸರಿದರು. ಆಮೇಲೆ ಹುಳು ಕಂದು ಬಣ್ಣಕ್ಕೆ ತಿರುಗಿ ಗಿಡದಿಂದ ಇಳಿಯಿತು. ರೋಗವಲ್ಲ, ತರಗೆಲೆಯಡಿ ಕೋಶ ಕಟ್ಟುವ ಹೊತ್ತು ಬಂದಿತ್ತು ಅಷ್ಟೇ.

ದಯವಿಟ್ಟು ಪೊರಕೆಯಿಂದ ಹೊಡೆಯಬೇಡಿ, ಸ್ಪ್ರೇ ಬೇಡವೇ ಬೇಡ. ಹುಳು ಒಂದಿಷ್ಟು ಎಲೆ ತಿಂದರೂ ನಂದಿಬಟ್ಟಲು ಮತ್ತೆ ಚಿಗುರುತ್ತದೆ. ಕತ್ತಲಾದ ಮೇಲೆ ಪತಂಗ ರೆಕ್ಕೆ ನಡುಗಿಸಲು ಶುರು ಮಾಡಿದರೆ ಸಾಯ್ತಿದೆ ಅಂದುಕೊಳ್ಳಬೇಡಿ. ಹಾರುವ ಮೊದಲು ಮೈ ಬಿಸಿ ಮಾಡಿಕೊಳ್ಳುವುದೇ ಹಾಗೆ. ಆಗ ಜಗಲಿಯ ಲೈಟ್ ಆರಿಸಿಬಿಡಿ. ಬೆಳಕಿದ್ದರೆ ಸುಮ್ನೆ ಅಲ್ಲೇ ಸುತ್ತುತ್ತಾ ಇರುತ್ತದೆ.