ನಾಲ್ಕು ವರ್ಷಗಳಿಂದ ಪಾಪನಿವೇದನೆ ಮಾಡಿಲ್ಲ. ತಂಗಿಯ ಮದುವೆಯಲ್ಲಿ ಪರಮಪ್ರಸಾದ ಸ್ವೀಕರಿಸಬಹುದೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಾಲ್ಕು ವರ್ಷಗಳಿಂದ ಭಾನುವಾರದ ಬಲಿಪೂಜೆ ಬಿಟ್ಟಿದ್ದೀರಿ, ಗುರುಗಳ ಬಳಿ ಪಾಪ ಹೇಳಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆಯನ್ನೂ ಬಿಟ್ಟಿದ್ದೀರಿ. ಇಲ್ಲಿ ಬರೆಯಲಾಗದ ಇನ್ನೊಂದು ವಿಷಯವೂ ಮನಸ್ಸಿನಲ್ಲಿದೆ. ಒಂಬತ್ತು ದಿನ ಕಳೆದರೆ ತಂಗಿಯ ಮದುವೆ. ಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ಕೊಡುವ ರೊಟ್ಟಿಗೆ, ಅಂದರೆ ಪರಮಪ್ರಸಾದಕ್ಕೆ, ಮನೆಯವರೆಲ್ಲ ಎದ್ದಾಗ ನೀವೊಬ್ಬರೇ ಕುಳಿತಿದ್ದರೆ ಅಮ್ಮ ಅಲ್ಲೇ ಕಣ್ಣೀರು ಹಾಕುತ್ತಾರೆ. ಹಾಗಾಗಿ ಅಂದು ಸ್ವೀಕರಿಸಿ, ಆಮೇಲೆ ಪಾಪನಿವೇದನೆ ಮಾಡಿದರೆ ಆಗದೇ ಎಂದು ಕೇಳಿದ್ದೀರಿ.

ಆಗದು. ಆದರೆ ಇನ್ನೂ ಒಂಬತ್ತು ದಿನಗಳಿವೆ, ಪಾಪನಿವೇದನೆಗೆ ಅಷ್ಟು ಬೇಕಾಗಿಯೂ ಇಲ್ಲ.

ನೀವು ಹೇಳುವ 'ಆಮೇಲೆ ಮಾಡಿದರಾಯಿತು' ಎಂಬುದು ಪೂರ್ತಿ ಕಟ್ಟುಕಥೆಯಲ್ಲ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 916ನೆಯ ವಿಧಿಯಲ್ಲಿ ಅಂಥದೊಂದು ವಿನಾಯಿತಿ ಇದೆ. ಗಂಭೀರ ಪಾಪ ಮಾಡಿದ್ದೇನೆಂಬ ಅರಿವಿರುವವರು ಮೊದಲು ಪಾಪನಿವೇದನೆ ಮಾಡದೆ ಪ್ರಸಾದ ಸ್ವೀಕರಿಸಬಾರದು. ಗಂಭೀರ ಕಾರಣವಿದ್ದು, ಪಾಪನಿವೇದನೆಗೆ ಅವಕಾಶವೇ ಇಲ್ಲದಿದ್ದರೆ ಮಾತ್ರ, ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪೂರ್ಣ ಪಶ್ಚಾತ್ತಾಪದೊಂದಿಗೆ, ಆದಷ್ಟು ಬೇಗ ಪಾಪನಿವೇದನೆ ಮಾಡುವೆನೆಂದು ನಿಶ್ಚಯಿಸಿಕೊಂಡು ಸ್ವೀಕರಿಸಬಹುದು. ಕಾರಣ ಮತ್ತು ಅವಕಾಶದ ಅಭಾವ ಎರಡೂ ಕೂಡಿರಬೇಕು. ಅಮ್ಮನ ಕಣ್ಣೀರನ್ನು ಗಂಭೀರ ಕಾರಣವೆಂದೇ ಇಟ್ಟುಕೊಳ್ಳೋಣ. ಒಂಬತ್ತು ದಿನಗಳಿರುವಾಗ ಅವಕಾಶವಿಲ್ಲ ಎನ್ನಲು ಬರುವುದಿಲ್ಲ.

ಇಷ್ಟು ಖಚಿತವಾಗಿ ಬರೆಯಲು ಕಾರಣವಿದೆ. ಅಪ್ಪನ ಮನೆ ಮಾರಿದಾಗ ಲೆಕ್ಕ ನೋಡಿಕೊಂಡವಳು ನಾನು. ತಮ್ಮನ ಪಾಲಿನಲ್ಲಿ ಎಂಬತ್ತು ಸಾವಿರ ರೂಪಾಯಿ ಕಡಿಮೆ ತೋರಿಸಿ ನಾನೇ ಇಟ್ಟುಕೊಂಡೆ. ಅದಾದ ಮೇಲೂ ಎರಡು ವರ್ಷ ಪ್ರತಿ ಭಾನುವಾರ ಪರಮಪ್ರಸಾದಕ್ಕೆ ಹೋದೆ. ಧರ್ಮೋಪದೇಶ ಕಲಿಸುವವಳು ಬೆಂಚಿನಲ್ಲೇ ಕುಳಿತರೆ ಜನ ಏನೆಂದುಕೊಂಡಾರು ಎಂಬುದೊಂದೇ ಭಯ. ಗುರುಗಳು 'ಕ್ರಿಸ್ತರ ಶರೀರ' ಎಂದಾಗ ನಾನು ಹೇಳುತ್ತಿದ್ದ 'ಆಮೆನ್' ನನ್ನ ಕಿವಿಗೇ ಕೇಳಿಸುತ್ತಿರಲಿಲ್ಲ. ಅಪ್ಪನ ವರ್ಷದ ಪೂಜೆಯ ದಿನ ಸಾಲಿನಲ್ಲಿ ನನ್ನ ಮುಂದೆ ತಮ್ಮ ನಿಂತಿದ್ದ. ಅವನ ಅಂಗಿಯ ಕಾಲರು ಸವೆದು ಒಳಗಿನ ಬಿಳಿ ಬಟ್ಟೆ ಕಾಣುತ್ತಿತ್ತು. ನಾನು ಸಾಲಿನಿಂದ ಹೊರಬಂದು ಬೆಂಚಿಗೆ ಮರಳಿ ಕುಳಿತೆ. ಯಾರೂ ಏನೂ ಕೇಳಲಿಲ್ಲ.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೆಯ ಅಧ್ಯಾಯ ನನಗೆ ಅರ್ಥವಾದದ್ದು ಆಮೇಲೆ. ಅಯೋಗ್ಯವಾಗಿ ಈ ರೊಟ್ಟಿಯನ್ನು ತಿನ್ನುವವನು ಪ್ರಭುವಿನ ಶರೀರಕ್ಕೆ ಅಪರಾಧಿಯಾಗುತ್ತಾನೆ, ಪ್ರತಿಯೊಬ್ಬನೂ ಮೊದಲು ತನ್ನನ್ನು ಪರೀಕ್ಷಿಸಿಕೊಳ್ಳಲಿ ಎನ್ನುವ ಮಾತನ್ನು ಮಕ್ಕಳಿಗೆ ಎಷ್ಟೋ ಸಲ ಬಾಯಿಪಾಠ ಮಾಡಿಸಿದ್ದೆ. ಅದಕ್ಕೆ ತುಸು ಮೊದಲೇ ಪೌಲರು ಯಾಕೆ ಸಿಟ್ಟಾಗಿದ್ದಾರೆಂದು ಗಮನಿಸಿರಲಿಲ್ಲ. ಪ್ರಭುವಿನ ಭೋಜನಕ್ಕೆಂದು ಕೂಡಿದಾಗ ಉಳ್ಳವರು ತಮ್ಮ ಊಟ ಮುಗಿಸುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ಸಹೋದರನ ಪಾಲು ತಿಂದು ಪೀಠದ ಮುಂದೆ ಕೈಯೊಡ್ಡುತ್ತಿದ್ದ ನನಗೇ ಆ ಪತ್ರ ಬರೆದಂತಿತ್ತು.

ಆ ಸೆಪ್ಟೆಂಬರ್‌ನಲ್ಲಿ ಮಾತೆ ಮರಿಯಮ್ಮನವರ ಹಬ್ಬಕ್ಕೆ ಮುಂಚಿನ ನವದಿನಗಳಲ್ಲಿ ಬೆಂಗಳೂರಿನ ಶಿವಾಜಿನಗರದ ಬೆಸಿಲಿಕಾಕ್ಕೆ ಹೋದೆ. ಕಾವಿ ಸೀರೆ ಉಟ್ಟ ಹರಕೆಯ ಹೆಂಗಸರ ನಡುವೆ ಪಾಪನಿವೇದನೆಯ ಸಾಲಿನಲ್ಲಿ ನಿಂತೆ. ಹಣದ ವಿಷಯ ಹೇಳಿದೆ, ಎರಡು ವರ್ಷ ಹಾಗೆಯೇ ಪ್ರಸಾದ ಸ್ವೀಕರಿಸಿದ್ದನ್ನೂ ಹೇಳಿದೆ. ಅದು ಇನ್ನೂ ದೊಡ್ಡ ಪಾಪ. ಜಾಲರಿಯ ಆಚೆ ಕುಳಿತ ಗುರುಗಳಿಂದ ಬಂದದ್ದು ಒಂದೇ ಪ್ರಶ್ನೆ: 'ಹಣ ಹಿಂತಿರುಗಿಸುವ ಮನಸ್ಸಿದೆಯೇ ಅಮ್ಮ?' ಇದೆ ಎಂದೆ. ಕ್ಷಮೆಯ ಮಾತುಗಳನ್ನು ಕೇಳುತ್ತಾ ಅತ್ತುಬಿಟ್ಟೆ. ತಮ್ಮನಿಗೆ ನಾಲ್ಕು ಕಂತುಗಳಲ್ಲಿ ಕೊಟ್ಟು ತೀರಿಸಿದೆ.

ಇನ್ನು ನಿಮ್ಮ ವಿಷಯ. ಪಾಪವು ಮಾರಕ, ಅಂದರೆ ಮೇಲೆ ಹೇಳಿದ ಗಂಭೀರ ಪಾಪ, ಆಗಲು ಮೂರು ಸೇರಬೇಕು: ವಿಷಯ ಗಂಭೀರವಾಗಿರಬೇಕು, ಅದು ಗಂಭೀರವೆಂದು ಗೊತ್ತಿರಬೇಕು, ಗೊತ್ತಿದ್ದೂ ಮನಸಾರೆ ಒಪ್ಪಿ ಮಾಡಿರಬೇಕು. ಕಾರಣವಿಲ್ಲದೆ ಭಾನುವಾರದ ಪೂಜೆ ಬಿಡುವುದು ಗಂಭೀರವೇ. ಕಾಯಿಲೆಯಿಂದ, ಎಳೆಗೂಸಿನ ಆರೈಕೆಯಿಂದ ಬಿಟ್ಟಿದ್ದರೆ ಅದು ಪಾಪವಲ್ಲ. ಸಿಡುಕು, ಪ್ರಾರ್ಥನೆಯಲ್ಲಿ ಚಂಚಲತೆ, ಸಣ್ಣಪುಟ್ಟ ಸುಳ್ಳು ಇವು ಪ್ರಸಾದಕ್ಕೆ ಅಡ್ಡಿಯಲ್ಲ. ಪರಮಪ್ರಸಾದವೇ ಅಂಥ ಲಘು ಪಾಪಗಳನ್ನು ತೊಳೆಯುತ್ತದೆ. ಪ್ರತಿ ಸಲವೂ ಪಾಪನಿವೇದನೆ ಮಾಡಿಯೇ ಪ್ರಸಾದ ಸ್ವೀಕರಿಸಬೇಕೆಂದು ನಂಬುವವರನ್ನು ಈಗಲೂ ನೋಡುತ್ತೇನೆ. ನನ್ನ ಅಜ್ಜಿಯೂ ಹಾಗೇ ಇದ್ದರು: ಶನಿವಾರ ಸಂಜೆ ಪಾಪನಿವೇದನೆ, ನಡುರಾತ್ರಿಯಿಂದ ಹನಿ ನೀರೂ ಇಲ್ಲ. ಆ ಉಪವಾಸ ಆಗಿನ ನಿಯಮ. 1964ರಿಂದ ಪ್ರಸಾದಕ್ಕೆ ಮುಂಚೆ ಒಂದೇ ಗಂಟೆಯ ಉಪವಾಸ. ಆದರೆ ಮಾರಕ ಪಾಪವಿಲ್ಲದವರನ್ನು ದೂರ ಇಡಬಾರದು, ದಿನವೂ ಸ್ವೀಕರಿಸಬಹುದು ಎಂದು 1905ರಲ್ಲೇ ಪೋಪ್ ಹತ್ತನೇ ಪಯಸ್ ಅವರ ಕಾಲದ ಆಜ್ಞೆ ಹೇಳಿತ್ತು. ಅಜ್ಜಿಯ ಭಕ್ತಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಅವರ ಭಯವನ್ನು ಮಾತ್ರ ಯಾರಿಗೂ ದಾಟಿಸಲಾರೆ.

ನಾಳೆಯೇ ಒಬ್ಬ ಗುರುಗಳಿಗೆ ಫೋನ್ ಮಾಡಿ. ನಿಮ್ಮ ಧರ್ಮಕೇಂದ್ರದವರೇ ಆಗಬೇಕೆಂದಿಲ್ಲ. ಗಂಭೀರ ಪಾಪಗಳನ್ನು ಯಾವ ಬಗೆಯದು, ಸುಮಾರು ಎಷ್ಟು ಸಲ ಎಂದು ಹೇಳಿದರೆ ಸಾಕು, ಕಥೆ ಬೇಡ. ಮರೆತದ್ದಕ್ಕೂ ಕ್ಷಮೆ ಸಿಗುತ್ತದೆ, ನೆನಪಾದರೆ ಮುಂದಿನ ಸಲ ಹೇಳಿ. ಬೇಕೆಂದೇ ಬಚ್ಚಿಟ್ಟರೆ ಮಾತ್ರ ಇಡೀ ಪಾಪನಿವೇದನೆ ವ್ಯರ್ಥ. ಕೇಳಿದ್ದನ್ನು ಹೊರಗೆ ಹೇಳುವ ಗುರು ಆ ಕೃತ್ಯದಿಂದಲೇ ಧರ್ಮಸಭೆಯಿಂದ ಬಹಿಷ್ಕೃತನಾಗುತ್ತಾನೆ. ಆ ಬರೆಯಲಾಗದ ವಿಷಯವನ್ನು ಹೇಳಬಹುದಾದ ಜಾಗ ಅದೊಂದೇ ಎಂದು ನನಗನ್ನಿಸುತ್ತದೆ.

ಅದು ಈಗಲೂ ಮುಂದುವರಿಯುತ್ತಿರುವ ಸಂಬಂಧವೋ ವ್ಯವಹಾರವೋ ಆಗಿದ್ದರೆ ಒಂಬತ್ತು ದಿನ ಸಾಲದಿರಬಹುದು. ಆಗ ಮದುವೆಯ ದಿನ ಬೆಂಚಿನಲ್ಲೇ ಕುಳಿತು ಪ್ರಾರ್ಥಿಸಿ. ಪೂಜೆಗೆ ಬಂದವರೆಲ್ಲ ಪ್ರಸಾದ ಸ್ವೀಕರಿಸಲೇಬೇಕೆಂಬ ನಿಯಮವಿಲ್ಲ, ಕಡ್ಡಾಯವಿರುವುದು ವರ್ಷಕ್ಕೊಮ್ಮೆ. ಅಮ್ಮನಿಗೆ ಹಿಂದಿನ ರಾತ್ರಿಯೇ, 'ನಾಳೆ ನಾನು ಏಳುವುದಿಲ್ಲ, ಸಿದ್ಧತೆ ನಡೆದಿದೆ' ಎಂದು ಹೇಳಿಬಿಡಿ.

ಒಳಗೆ ಹೋದಾಗ ಪಶ್ಚಾತ್ತಾಪದ ಜಪ ನೆನಪಿಗೆ ಬರುವುದಿಲ್ಲ ಎಂದು ಹೆದರಬೇಡಿ. 'ಫಾದರ್, ನಾಲ್ಕು ವರ್ಷವಾಯಿತು, ಹೇಗೆ ಶುರು ಮಾಡಬೇಕೆಂದು ಮರೆತಿದ್ದೇನೆ' ಎನ್ನಿ. ಅಲ್ಲಿಂದ ಮುಂದಕ್ಕೆ ಅವರು ನಡೆಸುತ್ತಾರೆ.